ಚರ್ಮವಲ್ಲ, ಹಲ್ಲೂ ಅಲ್ಲ

ನನ್ನ ಮಗಳಿಗೆ ಚರ್ಮರೋಗ ಅಂಟಿಕೊಂಡದ್ದು ಪರೇಲಿನ ಒಂದು ಆಸ್ಪತ್ರೆಯ ಮೆಟ್ಟಿಲ ಮೇಲೆ. ಅಂಟಿಸಿದವರು ಅವಳ ಅಪ್ಪ.

ಅಂದು ನಾವು ಮೂವರೂ, ಅಂದರೆ ನಾನು, ನನ್ನ ಯಜಮಾನರು ಮತ್ತು ಕಾಲೇಜು ನಿಲ್ಲಿಸಿ ಮನೆಯಲ್ಲಿ ಕೂತಿದ್ದ ಮಗಳು, ಕೇಸ್ ಪೇಪರ್ ಹಿಡಿದುಕೊಂಡು ಮಾನಸಿಕ ವಿಭಾಗದ ಓಪಿಡಿಗೆ ಹತ್ತುತ್ತಿದ್ದೆವು. ಮೇಲಿನಿಂದ ನಮ್ಮ ಊರಿನವರ ಸಂಘದ ಮಹಿಳಾ ವಿಭಾಗದ ಹೆಂಗಸೊಬ್ಬರು ಡಾಕ್ಟರಿಗೆ ಮೊಣಕಾಲು ತೋರಿಸಿಕೊಂಡು ಇಳಿಯುತ್ತಿದ್ದರು. ನಮ್ಮನ್ನು ಕಂಡದ್ದೇ ರೇಲಿಂಗ್ ಹಿಡಿದು ನಿಂತುಬಿಟ್ಟರು.

"ಎಂತ ಮಾರಾಯ್ರೆ, ಮೂರೂ ಜನ? ಹೋಟ್ಲು ಬಿಟ್ಟು ಬಂದಿದ್ದೀರಿ! ಯಾರಿಗೆ ಹುಷಾರಿಲ್ಲ?"

ನಮ್ಮ ಯಜಮಾನರ ಕಣ್ಣು ಗೋಡೆಯ ಬೋರ್ಡಿನ ಮೇಲೆ ಓಡಿತು. ಮೊದಲು ಕಂಡ ವಿಭಾಗದ ಹೆಸರನ್ನೇ ಹೇಳಿಬಿಟ್ಟರು. "ಸ್ಕಿನ್. ಮಗಳಿಗೆ ಸ್ವಲ್ಪ ಸ್ಕಿನ್ನಿನದ್ದು."

ಆಕೆ ಮಗಳ ಮುಖ, ಕೈ, ಕುತ್ತಿಗೆ ಎಲ್ಲ ನೋಡಿದರು. ಎಲ್ಲಿಯೂ ಒಂದು ಕಲೆಯಿಲ್ಲ. "ಒಳಗಿನದ್ದಾ? ಪಾಪ," ಎಂದು ಅವಳ ತಲೆ ಸವರಿ ಇಳಿದು ಹೋದರು. ನನಗೆ ಅಲ್ಲಿಯೇ ಕೂಗಿ ನಿಜ ಹೇಳಬೇಕೆನಿಸಿತು. ಇವರು ನನ್ನ ಮೊಣಕೈ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದರು.

ನಮ್ಮ ಕರಾವಳಿಯವರಲ್ಲಿ ಚರ್ಮರೋಗ ಎಂದರೆ ಅದು ಚರ್ಮಕ್ಕೇ ನಿಲ್ಲುವುದಿಲ್ಲ. ಹಿಂದೊಂದು ನಾಗದೋಷ ಇರಲೇಬೇಕು. ವಾರ ಕಳೆಯುವುದರೊಳಗೆ ಉಡುಪಿಯಿಂದ ಫೋನು ಬರತೊಡಗಿತು. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ್ರಾ, ನಾಗನ ಕಟ್ಟೆ ಪಾಳು ಬಿದ್ದಿದೆಯಾ ನೋಡಿದ್ರಾ, ಮಗುವಿಗೆ ಬಸಳೆ ಕೊಡಬೇಡಿ, ಕೊಬ್ಬರಿ ಎಣ್ಣೆಗೆ ಬೇವು ಹಾಕಿ ಕಾಯಿಸಿ. ವಿಲೆ ಪಾರ್ಲೆಯಲ್ಲಿರುವ ಭಾವ, ಅಂದರೆ ಇವರ ಅಣ್ಣ, ನಮ್ಮ ಹೋಟೆಲಿನ ಹಿರಿಯ ಪಾಲುದಾರರು. ಅವರಿಗೆ ನಿಜ ಸಂಗತಿ ಗೊತ್ತಿತ್ತು. ಆದರೂ ಊರಿಗೆ ಹೋಗಿ ಮಗಳ ಹೆಸರಿನಲ್ಲಿ ನಾಗನಿಗೆ ಆಶ್ಲೇಷ ಬಲಿಯ ಪೂಜೆ ಮಾಡಿಸಿ ಬಂದರು. "ತಲೆಗೂ ಆಗ್ತದೆ, ಸ್ಕಿನ್ನಿಗೂ ಆಗ್ತದೆ" ಎಂಬುದು ಅವರ ಲೆಕ್ಕಾಚಾರ.

ಅರಿಶಿನ ಪ್ರಸಾದ ಮನೆಗೆ ಬಂದ ದಿನ ಮಗಳು ಅದನ್ನು ಮೂಸಿ ನೋಡಿದಳು. ನಾವು ತುಳು, ಕನ್ನಡ ಬೆರೆಸಿ ಮಾತಾಡುತ್ತೇವೆ, ಅವಳು ಹಿಂದಿ ಬೆರೆಸಿ ಉತ್ತರ ಕೊಡುತ್ತಾಳೆ. "ಅಮ್ಮಾ, ನಾಗದೇವರು ಕನ್‌ಫ್ಯೂಸ್ ಆಗಿರ್ತಾರೆ. ಪೂಛೇಂಗೇ, ಕೌನ್ಸಾ ಸ್ಕಿನ್, ಯಾವ ಚರ್ಮ ಅಂತ?" ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ತಿಂಗಳುಗಳಿಂದ ಕಂಡಿರಲಿಲ್ಲ. ನಾಗನಿಗೆ ನಾನೂ ಕೈ ಮುಗಿಯುವವಳೇ. ನನ್ನ ಸಿಟ್ಟು ದೇವರ ಮೇಲಲ್ಲ, ದೇವರಿಗೂ ಸುಳ್ಳು ವಿಭಾಗದ ಹೆಸರು ಹೇಳಿದ್ದರ ಮೇಲೆ.

ಆಮೇಲೆ ನಾಗದೋಷ ಇರುವ ಹುಡುಗಿಗೆ ಸಂಬಂಧ ಬರುವುದು ಕಷ್ಟ ಎಂದು ಯಾರೋ ಭಾವನ ಕಿವಿಗೆ ಹಾಕಿದರು. ಭಾವ ಕಾಯಿಲೆಯನ್ನು ಹಲ್ಲಿಗೆ ವರ್ಗ ಮಾಡಿದರು. ಹಲ್ಲಿಗೆ ಯಾವ ದೋಷವೂ ಇಲ್ಲ, ಹಲ್ಲು ಯಾರಿಗೂ ನೋಯಬಹುದು.

ನಿಜವಾದ ಕಾಯಿಲೆ ಶುರುವಾದದ್ದು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ. ನಮ್ಮ ಮನೆ ಸಯನ್‌ನಲ್ಲಿ, ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲಿ. ಅವಳ ಕಾಲೇಜು ವಿಲೆ ಪಾರ್ಲೆಯಲ್ಲಿ. ದಿನವೂ ದಾದರಿನಲ್ಲಿ ಇಳಿದು, ಸೇತುವೆ ದಾಟಿ, ವೆಸ್ಟರ್ನ್ ಲೈನಿನ ಲೋಕಲ್ ರೈಲು ಹಿಡಿಯಬೇಕು. ಒಂದು ಬೆಳಿಗ್ಗೆ ಆ ಜನಜಂಗುಳಿಯ ನಡುವೆ ಅವಳ ಎದೆ ಹೊಡೆದುಕೊಳ್ಳತೊಡಗಿತು, ಕೈಕಾಲು ಮರಗಟ್ಟಿದವು, ಸತ್ತೇ ಹೋಗುತ್ತೇನೆ ಎನಿಸಿ ಸೇತುವೆಯ ಮೇಲೆಯೇ ಕೂತುಬಿಟ್ಟಳಂತೆ. ಮೀನು ಮಾರುವ ಹೆಂಗಸೊಬ್ಬಳು ನೀರು ಕೊಟ್ಟು ನನಗೆ ಫೋನು ಹಚ್ಚಿಸಿದಳು. ಹೃದಯದ ಪರೀಕ್ಷೆ ಮಾಡಿಸಿದೆವು, ಏನೂ ಇರಲಿಲ್ಲ. ಆದರೆ ಮರುದಿನ ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ಕೆಲವು ವಾರಗಳಲ್ಲಿ ರಸ್ತೆಗೂ ಇಳಿಯಲಿಲ್ಲ. ಕೊನೆಗೆ ಬಾಗಿಲ ಬೆಲ್ ಆದರೂ ಬೆಚ್ಚಿ ಒಳಗೆ ಹೋಗುತ್ತಿದ್ದಳು. ನಾಟಕ ಮಾಡುತ್ತಿದ್ದಾಳೆ ಎಂದವರಿದ್ದಾರೆ. ಅವರ ಹೆಸರು ಬರೆಯುವುದಿಲ್ಲ, ಅವರಿಗೆ ಗೊತ್ತಿದೆ.

ಓಪಿಡಿಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ತಮ್ಮನ್ನು ಕೇಳದೆ ನಿಲ್ಲಿಸಬಾರದು ಎಂದು ಒತ್ತಿ ಹೇಳಿದರು. ಜೊತೆಗೆ ಗುರುವಾರ ಮಧ್ಯಾಹ್ನ ಮನೆಯವರೆಲ್ಲ ಕೌನ್ಸೆಲರ್ ಹತ್ತಿರ ಬರಬೇಕು ಎಂದರು.

"ಕಾಯಿಲೆ ಅವಳಿಗೆ, ನಾನೆಂತಕ್ಕೆ?" ಎಂದರು ಇವರು.

"ಅಪ್ಪ ನೀವೇ ಅಲ್ವಾ? ಅದಕ್ಕೆ," ಎಂದೆ.

ಮೊದಲ ಗುರುವಾರ ಇವರು ಬರಿಗೈಯಲ್ಲಿ ಬರಲಿಲ್ಲ. ಇಡ್ಲಿ ವಡೆಯ ಪಾರ್ಸೆಲ್, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ, ಜೊತೆಗೆ ಪೇಪರ್ ಲೋಟ. ಕೌನ್ಸೆಲರ್ ಮರಾಠಿ ಹುಡುಗಿ, ನಮ್ಮ ಮಗಳಿಗಿಂತ ಕೆಲವೇ ವರ್ಷ ದೊಡ್ಡವಳಿರಬೇಕು. ಅವಳು ನಮಸ್ಕಾರ ಹೇಳುವ ಮೊದಲೇ ಇವರು ಅವಳ ಮೇಜಿನ ಮೇಲೆ ಎಲೆ ಬಿಡಿಸಿ ಚಟ್ನಿ ಕಟ್ಟಿನ ದಾರ ಬಿಚ್ಚತೊಡಗಿದ್ದರು. ಇಲ್ಲಿ ತಿಂಡಿ ತೆಗೆದುಕೊಳ್ಳುವ ಹಾಗಿಲ್ಲ ಎಂದು ಅವಳು ನಯವಾಗಿ ಹೇಳಿ, "ಆಪ್ ಬೈಠಿಯೇ" ಎಂದಳು. ಇವರಿಗೆ ಅದೇ ಕಷ್ಟ. ಯಾರಾದರೂ ಕೂತಿದ್ದರೆ ಇವರು ನಿಂತಿರಬೇಕು, ಯಾರಾದರೂ ಬಂದರೆ ಏಳಬೇಕು. ಕೊನೆಗೆ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದು, ಹೋಗಿ ಬರುವವರೆಲ್ಲ ಕಾಣುವ ಹಾಗೆ ತಿರುಗಿಸಿಕೊಂಡು ಕೂತರು. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದೂ ಹಾಗೆಯೇ.

ನನ್ನ ಅಂದಾಜಿನಲ್ಲಿ ಆ ಹುಡುಗಿ ಮಗಳನ್ನು ಕೇಳುತ್ತಾಳೆ, ಭಯ ಯಾಕೆ, ಏನಾಯಿತು ಎಂದು. ಅವಳು ಕೇಳಿದ್ದು ಬೇರೆಯೇ. ನಿನ್ನೆ ರಾತ್ರಿಯ ಊಟ ಯಾರು ಯಾರ ಜೊತೆ ಮಾಡಿದಿರಿ?

ನಮಗೆ ನಗು ಬಂತು. ಹೋಟೆಲಿನವರ ಮನೆಯಲ್ಲಿ ಒಲೆ ಹಚ್ಚುವುದು ಹಾಲು ಕಾಯಿಸಲು. ಊಟ ಹೋಟೆಲಿನಿಂದ ಪಾರ್ಸೆಲ್ ಬರುತ್ತದೆ. ಮಗಳು ತನ್ನ ಕೋಣೆಯಲ್ಲಿ ಮೊಬೈಲ್ ಹಿಡಿದು ತಿನ್ನುತ್ತಾಳೆ, ನಾನು ಟಿವಿ ಮುಂದೆ. ಇವರು ಹೋಟೆಲಿನ ಶಟರ್ ಅರ್ಧ ಎಳೆದ ಮೇಲೆ ಅಡುಗೆಯವರ ಹತ್ತಿರ ನಿಂತು ಎರಡು ತುತ್ತು. ಮದುವೆಯಾದಾಗಿನಿಂದ ಹೀಗೆಯೇ. ಇದರಲ್ಲಿ ಕೇಳುವಂಥದ್ದೇನಿದೆ ಎಂದು ಇವರು ಹೇಳುತ್ತಿದ್ದಾಗ ಮಗಳು ನೆಲ ನೋಡುತ್ತ ಹಿಂದಿಯಲ್ಲಿ ಒಂದು ಮಾತು ಹೇಳಿದಳು.

"ಮೈನೇ ಪಪ್ಪಾ ಕೋ ಕಭೀ ಖಾತೇ ಹುಏ ದೇಖಾ ಹೀ ನಹೀ."

ಅಪ್ಪ ಊಟ ಮಾಡುವುದನ್ನು ಅವಳು ನೋಡಿಯೇ ಇಲ್ಲವಂತೆ. ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಮದುವೆಮನೆಗಳನ್ನು ನೆನೆಸಿಕೊಂಡೆ, ಅಲ್ಲಿಯೂ ಇವರು ಬಡಿಸುವವರ ಸಾಲಿನಲ್ಲಿ. ಸಂಘದ ಪೂಜೆಯಲ್ಲಿ ಅಡುಗೆಯ ಉಸ್ತುವಾರಿ. ಬಾಯಿ ಮುಚ್ಚಿದೆ.

ಇವರ ಮುಖ ಕೆಂಪಾಯಿತು. "ಯಾರಿಗೋಸ್ಕರ ಮಾಡುದು ನಾನು ಇದೆಲ್ಲ?" ಎಂದರು.

ಅಪ್ಪ ಕೂತು ಉಣ್ಣದೆ ಇದ್ದದ್ದರಿಂದ ಮಗಳಿಗೆ ಕಾಯಿಲೆ ಬಂತು ಎಂದು ಆ ಕೌನ್ಸೆಲರ್ ಹೇಳಲಿಲ್ಲ. ಯಾರ ತಪ್ಪು ಎಂದು ಹುಡುಕಲು ನಾವು ಇಲ್ಲಿ ಕೂತಿಲ್ಲ, ಅವಳು ಮತ್ತೆ ಹೊರಗೆ ಹೋಗುವಾಗ ಹಿಡಿದುಕೊಳ್ಳಲು ಮನೆಯಲ್ಲಿ ಏನಿದೆ ಎಂದು ನೋಡುತ್ತಿದ್ದೇವೆ ಎಂದಳು. ಇಷ್ಟು ನೇರವಾದ ಮಾತನ್ನು ನಾನು ನಮ್ಮ ಹಿರಿಯರ ಬಾಯಿಯಿಂದ ಕೇಳಿರಲಿಲ್ಲ. ಅವಳು ನಮಗೆ ಕೆಲಸವನ್ನೂ ಕೊಟ್ಟಳು. ಮಗಳು ಮೊದಲು ಬಿಲ್ಡಿಂಗಿನ ಗೇಟಿನವರೆಗೆ, ಆಮೇಲೆ ಸಿಗ್ನಲ್‌ವರೆಗೆ, ಆಮೇಲೆ ಹೋಟೆಲಿನವರೆಗೆ ಹೋಗಿ ಬರಬೇಕು. ನಾನು ಪದೇ ಪದೇ ಹುಷಾರಾ ಹುಷಾರಾ ಎಂದು ಕೇಳಬಾರದು. ಇವರು ವಾರಕ್ಕೊಮ್ಮೆ ನಮ್ಮಿಬ್ಬರ ಜೊತೆ ಕೂತು ಒಂದು ಊಟ ಮಾಡಬೇಕು.

ಮಗಳು ತನ್ನ ಕೆಲಸ ಮಾಡಿದಳು. ಬೆವರುತ್ತ, ನಡುಗುತ್ತ, ಕೆಲವು ದಿನ ಅರ್ಧಕ್ಕೇ ತಿರುಗಿ ಬಂದು ಅಳುತ್ತ, ಆದರೂ ಮಾಡಿದಳು. ನಾನೂ ನಾಲಗೆ ಕಚ್ಚಿಕೊಂಡು ನನ್ನದನ್ನು ಮಾಡಿದೆ. ಸೋತವರು ಇವರೊಬ್ಬರೇ. ಒಮ್ಮೆ ಗ್ಯಾಸ್ ಬರಲಿಲ್ಲ, ಒಮ್ಮೆ ಅಡುಗೆಯವರು ಊರಿಗೆ ಹೋದರು, ಒಮ್ಮೆ ಮುನಿಸಿಪಾಲಿಟಿಯವರು ಬಂದರು. ತಾವು ಬರುವ ಬದಲು ಪಾರ್ಸೆಲ್ ಕಳುಹಿಸಿದರು, ಮೊದಲಿಗಿಂತ ದೊಡ್ಡ ಪಾರ್ಸೆಲ್. ಮಗಳಿಗೆ ಇಷ್ಟವೆಂದು ಗೋಳಿಬಜೆ, ಎರಡು ಬಗೆ ಚಟ್ನಿ. ಅವಳು ರಬ್ಬರ್ ಬ್ಯಾಂಡ್ ಕೂಡ ಬಿಚ್ಚುತ್ತಿರಲಿಲ್ಲ. ಪ್ರೀತಿ ಇಲ್ಲದವರಲ್ಲ ಇವರು, ಅದು ನನಗೆ ಗೊತ್ತು. ಆದರೆ ಪ್ರೀತಿಯನ್ನೂ ಬಾಳೆಲೆಯಲ್ಲಿ ಕಟ್ಟಿ ಕಳುಹಿಸಿದರೆ ಸಾಕು ಎಂದುಕೊಂಡವರು.

ಅಷ್ಟರಲ್ಲಿ ಭಾವ ಒಂದು ಸಂಬಂಧ ತಂದರು. ವಿಲೆ ಪಾರ್ಲೆಯಲ್ಲೇ ಹೋಟೆಲಿನವರು, ಒಳ್ಳೆಯ ಹುಡುಗ, ವರದಕ್ಷಿಣೆ ಏನೂ ಕೇಳುವುದಿಲ್ಲ. ಮನೆಗೆ ಬಂದು ಇವರಿಗೆ ಹೇಳುತ್ತಿದ್ದುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ.

"ಮದುವೆ ಆದ್ರೆ ಎಲ್ಲ ಸರಿಯಾಗ್ತದೆ. ಆ ಪರೇಲಿನದ್ದು ಸಾಕು ಇನ್ನು. ಮಾತ್ರೆಯೂ ನಿಲ್ಲಿಸಿ. ಹುಡುಗನ ಮನೆಯವರು ಕಂಡ್ರೆ ಎಂತ ಹೇಳುದು? ನಂಗೂ ಮದುವೆಗೆ ಇಬ್ರು ಹುಡುಗೀರಿದ್ದಾರೆ ಮಾರಾಯ."

ಇವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಣ್ಣನ ಮುಂದೆ ಇವರಿಗೆ ಬಾಯಿಯೇ ಇಲ್ಲ. ನಾನು ಕೂಡ ಅಲ್ಲಿಯವರೆಗೆ ಭಾವನ ಎದುರು ಮಾತು ಎತ್ತಿದವಳಲ್ಲ. ಚಹಾ ಕೊಡಲು ಹೊರಗೆ ಬಂದವಳು ಕಪ್ಪು ಕೆಳಗಿಟ್ಟು ಹೇಳಿದೆ. "ಮಾತ್ರೆ ನಿಲ್ಲಿಸುದಿಲ್ಲ ಭಾವ. ಗುರುವಾರವೂ ನಿಲ್ಲುದಿಲ್ಲ."

ಭಾವ ನನ್ನನ್ನು ನೋಡಲಿಲ್ಲ. ತಮ್ಮನನ್ನು ನೋಡಿ, "ಗುರುವಾರವೇ ಬರ್ಲಿಕ್ಕೆ ಹೇಳಿದ್ದೇನೆ ಅವರಿಗೆ. ಮೂರು ಗಂಟೆಗೆ, ಹೋಟ್ಲಿನಲ್ಲಿ. ಸುಮ್ಮನೆ ಕಾಫಿ ಕುಡಿದ ಹಾಗೆ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೇಕೆಂದೇ ಆ ದಿನ, ಆ ಹೊತ್ತು.

ಬುಧವಾರ ಸಂಜೆ ಮಗಳ ಹತ್ತಿರ ಕೂತೆ. ಅವಳ ಹಣೆಬರಹವನ್ನು ಅವಳ ಬೆನ್ನ ಹಿಂದೆ ಬರೆಯುತ್ತಿದ್ದಾರೆ ಎಂದು ಹೇಳಿದೆ. ನಿನಗೆ ಈ ಮದುವೆ ಬೇಕಾ ಎಂದು ಕೇಳಿದೆ. ಬೇಡ, ಕಾಲೇಜು ಮುಗಿಸಬೇಕು ಎಂದಳು. ಹಾಗಾದರೆ ನಿಜ ಹೇಳಿಬಿಡಲಾ ಎಂದೆ. ಅವಳು ಬಹಳ ಹೊತ್ತು ಉಗುರು ಕಚ್ಚಿದಳು.

"ಬೋಲ್ ದೋ," ಎಂದಳು. "ಆದ್ರೆ ನನ್ನ ಎದುರು ಹೇಳ್ಬೇಕು. ಪೀಠ್ ಪೀಛೇ ನಹೀ."

ನಮ್ಮ ಹೋಟೆಲಿನಲ್ಲಿ ಹಿಂದಿನ ಕಾಲದ ಒಂದು ಫ್ಯಾಮಿಲಿ ರೂಮ್ ಇದೆ. ಹೆಂಗಸರು ಮಕ್ಕಳು ಗದ್ದಲವಿಲ್ಲದೆ ತಿನ್ನಲಿ ಎಂದು ಹಲಗೆ ಅಡ್ಡ ಕಟ್ಟಿ ಮಾಡಿದ ಜಾಗ. ಬೋರ್ಡಿನ ಬಣ್ಣ ಹೋಗಿದೆ, ಯಾರೂ ತೆಗೆದಿಲ್ಲ. ಸಯನ್‌ನ ಎಷ್ಟೋ ಮನೆಯವರು ಅಲ್ಲಿ ಕೂತು ಹುಟ್ಟುಹಬ್ಬ ಮಾಡಿದ್ದಾರೆ, ಜಗಳ ಆಡಿದ್ದಾರೆ. ಆ ಹೋಟೆಲಿನ ಯಜಮಾನನ ಹೆಂಡತಿ ಮಕ್ಕಳು ಅಲ್ಲಿ ಕೂತವರಲ್ಲ. ಗುರುವಾರ ಮೂರು ಗಂಟೆಗೆ ನಾವು ಒಳಗೆ ಕಾಲಿಟ್ಟಾಗ ಹುಡುಗನ ತಾಯಿ ಮತ್ತು ಚಿಕ್ಕಮ್ಮ ಅಲ್ಲಿ ಕೂತಿದ್ದರು, ಎದುರಿಗೆ ಭಾವ. ಮೇಜಿನ ತುಂಬ ಕೇಸರಿಬಾತ್, ಗೋಳಿಬಜೆ. ಮಗಳು ಜೀನ್ಸ್ ಪ್ಯಾಂಟಿನಲ್ಲಿದ್ದಳು, ನಾನು ದಿನದ ಕಾಟನ್ ಸೀರೆಯಲ್ಲಿ. ನನ್ನ ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಫೈಲು.

"ಬನ್ನಿ ಬನ್ನಿ," ಎಂದರು ಭಾವ, ಕಣ್ಣಲ್ಲೇ ನನ್ನ ಫೈಲನ್ನು ಸುಡುತ್ತ. "ಇವಳೇ ನೋಡಿ ನಮ್ಮ ಹುಡುಗಿ. ಹಲ್ಲಿನದ್ದು ಸ್ವಲ್ಪ ತೊಂದ್ರೆ ಇತ್ತು, ಈಗ ಎಲ್ಲ ಕ್ಲಿಯರ್."

"ಸ್ಕಿನ್ ಅಂತ ಕೇಳಿದ್ದೆವಲ್ಲ ನಾವು?" ಎಂದರು ಚಿಕ್ಕಮ್ಮ.

"ಚರ್ಮವೂ ಅಲ್ಲ, ಹಲ್ಲೂ ಅಲ್ಲ," ಎಂದೆ ನಾನು. "ಇವಳಿಗೆ ಗಾಬರಿಯ ಕಾಯಿಲೆ. ಲೋಕಲ್ ಹತ್ತಲಿಕ್ಕೆ ಆಗುದಿಲ್ಲ. ಮಾತ್ರೆ ತಕ್ಕೊಳ್ತಾಳೆ, ಮೊದಲಿಗಿಂತ ಎಷ್ಟೋ ವಾಸಿ. ಗುರುವಾರ ಗುರುವಾರ ನಾವು ಮನೆಯವರು ಪರೇಲಿಗೆ ಹೋಗ್ತೇವೆ, ಮಾನಸಿಕ ವಿಭಾಗಕ್ಕೆ. ಇವತ್ತೂ ಹೋಗ್ಲಿಕ್ಕುಂಟು. ಇದನ್ನು ಮುಚ್ಚಿಟ್ಟು ಮಾಡುವ ಮದುವೆ ನಮಗೆ ಬೇಡ. ಇವಳಿಗೆ ಈಗ ಮದುವೆಯೇ ಬೇಡ."

ಮಗಳು ನನ್ನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ಅವಳ ಬೆರಳು ನನ್ನ ಸೆರಗಿನ ತುದಿಯನ್ನು ಸುತ್ತುತ್ತಿದ್ದುದು ನನಗೊಬ್ಬಳಿಗೇ ಗೊತ್ತು.

ಭಾವ ಎದ್ದು ನಿಂತರು. "ನಿನ್ಗೆಂತ ತಲೆ ಕೆಟ್ಟಿದೆಯಾ?"

"ಹೌದು ಭಾವ, ಅದನ್ನೇ ತೋರಿಸ್ಲಿಕ್ಕೆ ಹೋಗುದು ನಾವು."

ಈ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ತಿಳಿಯದು. ಇಂದಿಗೂ ನೆನೆಸಿಕೊಂಡರೆ ಹೊಟ್ಟೆ ತಂಪಾಗುತ್ತದೆ. ಹುಡುಗನ ತಾಯಿ ಸಭ್ಯ ಹೆಂಗಸು. ಕಾಫಿ ಮುಗಿಸಿ, ತಿಳಿಸುತ್ತೇವೆ ಎಂದು ಮಗಳ ಭುಜ ಮುಟ್ಟಿ ಎದ್ದರು. ತಿಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅವರು ಹೋಗುವಾಗಲೇ ನಾನು ಕಂಡದ್ದು, ಇವರು ಗಲ್ಲಾ ಬಿಟ್ಟು ಬಂದು ಫ್ಯಾಮಿಲಿ ರೂಮಿನ ಹಲಗೆಯ ಪಕ್ಕ ನಿಂತಿದ್ದಾರೆ. ಎಲ್ಲ ಕೇಳಿಸಿಕೊಂಡಿದ್ದರು. ಭಾವ ಅವರ ಕಡೆ ತಿರುಗಿ, "ಹೇಳು ನಿನ್ನ ಹೆಂಡ್ತಿಗೆ. ಇವತ್ತು ಇಲ್ಲೇ ತೀರ್ಮಾನ ಆಗ್ಲಿ, ಆ ಆಸ್ಪತ್ರೆ ಉಂಟಾ ಇಲ್ವಾ," ಎಂದರು. ಇವರು ಬೇಡ ಎಂದರೂ ನಾನು ಮಗಳನ್ನು ಕರೆದುಕೊಂಡು ಹೋಗುವವಳೇ. ಆದರೆ ಅಪ್ಪ ಬೇಡ ಎಂದದ್ದನ್ನು ಅವಳು ಕೇಳಿಸಿಕೊಂಡರೆ ಮತ್ತೆ ಆ ಬಾಗಿಲ ಹಿಂದೆ ಸೇರಿಬಿಡುತ್ತಾಳೆ ಎಂದು ಹೆದರಿದ್ದೆ.

ಮಾತಾಡಿದ್ದು ಮಗಳು. ಖಾಲಿಯಾದ ಬೆಂಚಿನ ಮೇಲೆ ಕೂತು ಒಂದು ತಟ್ಟೆಯನ್ನು ಎದುರಿನ ಜಾಗಕ್ಕೆ ಸರಿಸಿದಳು.

"ಪಪ್ಪಾ, ಊಟ ಆಯ್ತಾ?"

ಇದು ಇವರದೇ ಪ್ರಶ್ನೆ. ಹೋಟೆಲಿಗೆ ಬಂದ ಪ್ರತಿಯೊಬ್ಬರಿಗೂ ಗಲ್ಲಾದಿಂದ ಕೇಳುವುದು ಇದನ್ನೇ. ಇವರನ್ನು ಯಾರೂ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಇವರು "ಇಲ್ಲ," ಎಂದರು.

"ತೋ ಬೈಠೋ ನಾ."

"ಗಲ್ಲಾ..." ಎಂದು ಇವರ ಕೈ ತನ್ನಿಂದ ತಾನೇ ಹೊರಗೆ ತೋರಿಸಿತು. ಮಗಳು ತಟ್ಟೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಹೊರಗೆ ಗಿರಾಕಿಯೊಬ್ಬ ನಾಣ್ಯದಿಂದ ಕೌಂಟರಿನ ಗಾಜು ಕುಟ್ಟುತ್ತಿದ್ದ. ಇವರು ಬೆಂಚಿನ ಮೇಲೆ ಕೂತರು. ಕೂತಲ್ಲಿಂದಲೇ, ಜನ್ಮದಲ್ಲಿ ಮೊದಲ ಸಲ, ಅಣ್ಣನಿಗೆ ಒಂದು ಕೆಲಸ ಹೇಳಿದರು.

"ಅಣ್ಣ, ನೀವು ಸ್ವಲ್ಪ ಗಲ್ಲಾದಲ್ಲಿ ಕೂತ್ಕೊಳ್ಳಿ."

ಭಾವ ಉರಿದು ಹೋದರು. ಆದರೆ ಗಿರಾಕಿ ಗಾಜು ಕುಟ್ಟುತ್ತಲೇ ಇದ್ದ, ಗಲ್ಲಾ ಖಾಲಿ ಬಿದ್ದಿರುವುದನ್ನು ನೋಡಿಕೊಂಡು ನಿಲ್ಲಲು ಹೋಟೆಲಿನವನ ಕೈಯಲ್ಲಿ ಸಾಧ್ಯವಿಲ್ಲ. ಬೈದುಕೊಳ್ಳುತ್ತಲೇ ಹೋಗಿ ಕೂತರು.

ನಾನು ಮೂರು ಊಟ ತರಿಸಿದೆ. ಇವರು ನಿಂತು ತಿನ್ನುವವರ ಹಾಗೆ ಗಬಗಬ ತಿನ್ನತೊಡಗಿದರು, ಮಗಳು "ಆರಾಮ್ ಸೇ" ಎಂದಳು, ನಿಧಾನ ಮಾಡಿದರು. ಇವರಿಗೆ ಸಾರಿಗಿಂತ ಮಜ್ಜಿಗೆ ಹೆಚ್ಚು ಇಷ್ಟ, ಉಪ್ಪಿನಕಾಯಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಮಗಳು ಅದನ್ನೆಲ್ಲ ನೋಡುತ್ತ ಕೂತಿದ್ದಳು. ನನಗೆ ಅಳು ಬಂತು. ಗಿರಾಕಿಗಳಿದ್ದಾರೆ ಎಂದು ತಡೆಹಿಡಿಯಲಿಲ್ಲ. ಆ ಗುರುವಾರ ನಾವು ಪರೇಲಿಗೆ ತಡವಾಗಿ ಮುಟ್ಟಿದೆವು, ಆ ಹುಡುಗಿ ಕಾದಿದ್ದಳು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ನಮ್ಮ ಮನೆಯಲ್ಲಿ ಸಾಕಷ್ಟಾಗಿದೆ. ಮಗಳು ಈಗ ಸಯನ್ ಸ್ಟೇಷನ್ನಿಗೆ ಒಬ್ಬಳೇ ಹೋಗುತ್ತಾಳೆ, ನಮ್ಮ ಜೊತೆ ಲೋಕಲ್‌ನಲ್ಲಿ ಪರೇಲಿಗೂ ಬರುತ್ತಾಳೆ. ದಾದರಿನ ಸೇತುವೆ ಇನ್ನೂ ಬಾಕಿ ಇದೆ. ಕೆಲವು ದಿನ ಎದ್ದವಳೇ ಮತ್ತೆ ಮಲಗಿಬಿಡುತ್ತಾಳೆ. ಸಂಘದಲ್ಲಿ ಕೆಲವರು ನಮ್ಮನ್ನು ಕಂಡರೆ ದನಿ ತಗ್ಗಿಸುತ್ತಾರೆ, ನಾನು ನನ್ನ ದನಿ ಏರಿಸುತ್ತೇನೆ. ಮೊಣಕಾಲಿಗೆ ಆಸ್ಪತ್ರೆಗೆ ಹೋಗುವವರು ಮೊಣಕಾಲು ಎನ್ನುತ್ತಾರಲ್ಲ, ನಾವು ಮನಸ್ಸು ಎನ್ನುತ್ತೇವೆ. ಇದರಲ್ಲಿ ನಾಚಿಕೆ ಪಡುವಂಥದ್ದು ನನಗೆ ಕಾಣುವುದಿಲ್ಲ, ಕಂಡವರು ಪಡಲಿ.

ಗುರುವಾರ ಮಧ್ಯಾಹ್ನ ಈಗಲೂ ಗಲ್ಲಾದಲ್ಲಿ ಭಾವ ಕೂರುತ್ತಾರೆ. ಬೇರೆಯವರನ್ನು ಕೂರಿಸಲು ಅವರಿಗೆ ಮನಸ್ಸಿಲ್ಲ, ಖಾಲಿ ಬಿಡಲು ಧೈರ್ಯವಿಲ್ಲ. ಹೋದ ವಾರ ನಾವು ಊಟ ಮುಗಿಸಿ ಹೊರಡುವಾಗ ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಕ್ಕಿದ್ದ ಅದೇ ಮಹಿಳಾ ವಿಭಾಗದವರು ಪಾರ್ಸೆಲ್ ಕಟ್ಟಿಸಿಕೊಳ್ಳುತ್ತ ಗಲ್ಲಾದ ಮುಂದೆ ನಿಂತಿದ್ದರು. "ನಿಮ್ಮ ತಮ್ಮನವರು ಎಲ್ಲಿಗೆ ಹೊರಟದ್ದು, ಮೂರೂ ಜನ?" ಎಂದು ಭಾವನನ್ನೇ ಕೇಳಿದರು.

"ಅದು... ಹಲ್ಲಿಂದು," ಎಂದರು ಭಾವ.

ಮಗಳು ಬಾಗಿಲಿನವರೆಗೆ ಹೋಗಿದ್ದವಳು ತಿರುಗಿ ಬಂದಳು. ಎರಡೂ ಕೈಗಳನ್ನು ಗಲ್ಲಾದ ಮೇಲಿಟ್ಟು ದೊಡ್ಡಪ್ಪನ ಮುಖವನ್ನೇ ನೋಡಿದಳು.

"ದೊಡ್ಡಪ್ಪ, ಹಲ್ಲು ಅಲ್ಲ. ಮಾನಸಿಕ ವಿಭಾಗ. ಬೋಲೋ ನಾ ಒಂದ್ಸಲ, ಏನೂ ಆಗುದಿಲ್ಲ."

ಭಾವ ಕೈಯಲ್ಲಿದ್ದ ಚಿಲ್ಲರೆ ನೋಡಿದರು, ಆ ಹೆಂಗಸನ್ನು ನೋಡಿದರು, ತಮ್ಮನನ್ನು ನೋಡಿದರು. ಇವರು ಈ ಸಲ ಕಣ್ಣು ತಗ್ಗಿಸಲಿಲ್ಲ.

"ಮಾನಸಿಕ," ಎಂದರು ಭಾವ, ಗಲ್ಲಾದ ಡ್ರಾಯರಿಗೆ ಮಾತ್ರ ಕೇಳಿಸುವಷ್ಟು.

"ಜೋರಾಗಿ," ಎಂದಳು ನನ್ನ ಮಗಳು.